ತೂತಿಲ್ಲದ ಡಬ್ಬ

ಭಾನುವಾರ ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಮೇಧಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಅಪ್ಪಾ, ನಿನ್ನ ಡಬ್ಬ ಯಾಕೋ ಮೂಗಲ್ಲಿ ಹಾಡ್ತಿದೆ," ಎಂದಳು.

ರವಿಶಂಕರ ತೆಂಗಿನಕಾಯಿ ತುರಿಯುತ್ತ ಕೂತಿದ್ದ. ವಾರವಿಡೀ ದುರ್ಗಿಗುಡಿಯ ಮನೆಯ ಮುಂಭಾಗದ ಅಂಗಡಿಯಲ್ಲಿ ಟೀವಿ, ಟೇಪ್‌ರೆಕಾರ್ಡರುಗಳ ಹೊಟ್ಟೆ ಬಗೆಯುವವನು ಭಾನುವಾರ ಒಂದು ದಿನ ಅಡುಗೆಮನೆಯಲ್ಲಿ ಕೂರಬೇಕು ಎನ್ನುವುದು ಹೆಂಡತಿ ಸೀತಾಲಕ್ಷ್ಮಿಯ ಕಟ್ಟಪ್ಪಣೆ.

"ಮೂಗಲ್ಲಿ ಅಂದ್ರೆ?"

"ಮೊದ್ಲು ನೆಲದಿಂದ ಬರ್ತಿತ್ತಲ್ಲ ಸದ್ದು, ಈಗ ಗುಂಯ್ ಅಂತ ಒಂದೇ ಕಡೆ ಸಿಕ್ಕಾಕ್ಕೊಂಡಿದೆ. ಬಾ, ನೀನೇ ಕೇಳು."

"ಕಿವಿ ಅಪ್ಪಂದು ಬಂದಿದೆ," ಎಂದಳು ಸೀತಾಲಕ್ಷ್ಮಿ ಒಲೆಯ ಮುಂದಿನಿಂದಲೇ. "ಪುಣ್ಯಕ್ಕೆ ತಲೆಕೂದಲು ನಂದು."

ರವಿಶಂಕರ ನಗುತ್ತ ಎದ್ದ. ಅವತ್ತು ಅವನು ನಕ್ಕದ್ದು ಅದೇ ಕೊನೆ.

ಆ ಡಬ್ಬ ಅವನ ಎರಡು ತಿಂಗಳ ದುಡಿಮೆ. ಊರಿನಲ್ಲಿ ಆಗ ಎಲ್ಲರಿಗೂ ಬೇಸಿನ, ಎದೆ ಅದುರಿಸುವ ತಗ್ಗಿನ ಸದ್ದಿನ, ಹುಚ್ಚು. ಕೆಲವರು ಸ್ಪೀಕರನ್ನು ಮಣ್ಣಿನ ಮಡಕೆಯ ಬಾಯಿಗೆ ಕೂರಿಸಿ ಮೂಲೆಯಲ್ಲಿಟ್ಟುಕೊಳ್ಳುತ್ತಿದ್ದರು. ಕೈಯಲ್ಲಿ ಸ್ವಲ್ಪ ಕಾಸಿದ್ದವರು ಬಳೆಯಗಲ ತೂತಿರುವ ಮರದ ಡಬ್ಬ ಮಾಡಿಸುತ್ತಿದ್ದರು. ಅಂಥ ಡಬ್ಬಗಳನ್ನು ರವಿಶಂಕರ ಲೆಕ್ಕವಿಲ್ಲದಷ್ಟು ಮಾಡಿದ್ದ. ಹಾಗಿರುವಾಗ ಭದ್ರಾವತಿಯ ನ್ಯೂ ಟೌನಿನಿಂದ ಷಡಕ್ಷರಪ್ಪ ಬಂದರು. ಕಾರ್ಖಾನೆಯಲ್ಲಿ ಫಿಟ್ಟರ್, ನಿವೃತ್ತಿಗೆ ಇನ್ನು ಎರಡು ವರ್ಷ. ಅವರ ಹಳೆಯ ಡಬ್ಬದ ತೂತಿನೊಳಗೆ ಇಲಿ ಹೊಕ್ಕು, ಅಲ್ಲೇ ಮರಿ ಹಾಕಿ, ಸ್ಪೀಕರಿನ ಕಾಗದವನ್ನೆಲ್ಲ ಹಾಸಿಗೆ ಮಾಡಿಕೊಂಡಿತ್ತಂತೆ.

"ನೋಡಿ ಮಾರಾಯ್ರೆ, ನಂಗೆ ಭೂಮಿ ಅದುರಬೇಕು, ತೂತು ಇರಬಾರ್ದು. ಆಗುತ್ತಾ?"

ಆಗುತ್ತದೆ ಎಂದು ರವಿಶಂಕರನಿಗೆ ಗೊತ್ತಿತ್ತು. ಯಾರೋ ಕೊಟ್ಟ ವಿದೇಶಿ ಪತ್ರಿಕೆಯ ಜೆರಾಕ್ಸ್ ಹಾಳೆಗಳು ಅವನ ಬಳಿ ಇದ್ದವು. ಪೂರ್ತಿ ಮುಚ್ಚಿದ ಡಬ್ಬದಲ್ಲಿ ಗಾಳಿಯೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಸ್ಪೀಕರನ್ನು ಹಿಂದಿನಿಂದ ಹಿಡಿದು, ತಗ್ಗಿನ ಸದ್ದನ್ನು ಸೊಟ್ಟಗಾಗದಂತೆ ನೋಡಿಕೊಳ್ಳುತ್ತದೆ. ಅವನು ಲೆಕ್ಕ ಹಾಕಿದ. ಹತ್ತಿಂಚಿನ ಸ್ಪೀಕರಿಗೆ ಮೂವತ್ತೆರಡು ಲೀಟರ್ ಗಾಳಿ ಬೇಕಿತ್ತು. ಷಡಕ್ಷರಪ್ಪನವರ ಕ್ವಾರ್ಟರ್ಸಿನಲ್ಲಿ ಜಾಗವಿದ್ದದ್ದು ಇಪ್ಪತ್ತಾರು ಲೀಟರಿನ ಡಬ್ಬಕ್ಕೆ. ಅದಕ್ಕೂ ಆ ಹಾಳೆಗಳಲ್ಲಿ ಉಪಾಯವಿತ್ತು: ಒಳಗೆ ಹತ್ತಿಯಂಥದ್ದೇನಾದರೂ ತುಂಬಿದರೆ ಗಾಳಿ ಮೋಸಹೋಗಿ, ತಾನು ದೊಡ್ಡ ಮನೆಯಲ್ಲಿದ್ದೇನೆ ಅಂದುಕೊಳ್ಳುತ್ತದೆ. ಗಾಜಿನ ಉಣ್ಣೆ ತುಂಬಬೇಕು ಎಂದಿತ್ತು. ಅದು ಮೈಗೆ ತಾಗಿದರೆ ತುರಿಕೆ, ಉಸಿರಿಗೆ ಹೋದರೆ ಕೆಮ್ಮು. ಷಡಕ್ಷರಪ್ಪನವರ ಮಗಳು ರಶ್ಮಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸು ಬರುವ ಮನೆಗೆ ಅಂಥದ್ದನ್ನು ಕಳಿಸಲು ಅವನಿಗೆ ಮನಸ್ಸಾಗಲಿಲ್ಲ. ದಿಂಬು ಹೊಲಿಯುವವರ ಹತ್ತಿರ ಹೋಗಿ ಬೂರುಗದ ಹತ್ತಿ ತಂದ. ರೇಷ್ಮೆಯಷ್ಟು ನಯ. ಮೇಧಾ ಅದರಲ್ಲಿ ಮುಖ ಹುದುಗಿಸಿ ಆಡಿದ್ದಳು.

ಒಂದೇ ಅಳತೆಯ ಎರಡು ಡಬ್ಬ ಮಾಡಿದ. ಒಂದು ಮನೆಯಲ್ಲಿ ಪರೀಕ್ಷೆಗೆ, ಒಂದು ಭದ್ರಾವತಿಗೆ. ಲೀಟರಿನ ಕ್ಯಾನಿನಲ್ಲಿ ರಾಗಿ ಅಳೆದಳೆದು ಸುರಿದು ಒಳಗಿನ ಜಾಗ ಸರಿಯಿದೆಯೇ ನೋಡಿದ. ಸಂದುಗಳಿಗೆ ಫೆವಿಕಾಲು, ಮರದ ಪುಡಿ, ಎಂ-ಸೀಲು. ಸ್ಪೀಕರಿನ ಅಂಚಿಗೆ ಸೈಕಲ್ ಟ್ಯೂಬಿನ ರಬ್ಬರು. ಉರಿಯುವ ಊದುಬತ್ತಿಯನ್ನು ಸಂದುಗಳುದ್ದಕ್ಕೂ ಹಿಡಿದು ಹೊಗೆ ಎಲ್ಲಾದರೂ ಬಾಗುತ್ತದೆಯೇ ಎಂದು ಕಣ್ಣಿಟ್ಟ. ಸ್ಪೀಕರಿನ ಕಾಗದವನ್ನು ಮೆಲ್ಲಗೆ ಒತ್ತಿ ಬಿಟ್ಟರೆ ಅದು ಮಧ್ಯಾಹ್ನದ ನಿದ್ದೆಯಿಂದ ಎದ್ದವರ ಹಾಗೆ ನಿಧಾನವಾಗಿ ಹಿಂದಕ್ಕೆ ಬರುತ್ತಿತ್ತು. ಅಷ್ಟು ಬಿಗಿ. ಸದ್ದು ಹಾಕಿದರೆ ಗೂಡಿನ ಮೇಲಿನ ಲೋಟಗಳು ಒಂದಕ್ಕೊಂದು ಮಾತಾಡುತ್ತಿದ್ದವು.

ಇಂಥ ಡಬ್ಬದ ಮುಂದೆ ಅವನೀಗ ಕೂತು ಕಿವಿಗೊಟ್ಟ. ಮೇಧಾ ಹೇಳಿದ್ದು ನಿಜ. ಸದ್ದಿನ ಆಳ ಹೋಗಿತ್ತು. ಒಳಗಿನ ಜಾಗ ಇದ್ದಕ್ಕಿದ್ದಂತೆ ಕಿರಿದಾದ ಹಾಗೆ ಸ್ವರ ಒಂದು ಕಡೆ ಊದಿಕೊಂಡಿತ್ತು. ಹತ್ತಿ ಕುಸಿದಿರಬೇಕು ಎಂದುಕೊಂಡ. ಪ್ಲಗ್ಗು ಕಿತ್ತು, ಡಬ್ಬವನ್ನು ಮಗುಚಿ ಸ್ಪೀಕರ್ ಮೇಲೆ ಬರುವಂತೆ ಇಟ್ಟು, ಸ್ಕ್ರೂಡ್ರೈವರ್ ತಂದ. ಎಂಟು ಸ್ಕ್ರೂ. ಮೇಧಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೂ ಬಟ್ಟಲಿಗೆ ಹಾಕಿಕೊಂಡಳು.

ಸ್ಪೀಕರನ್ನು ಎತ್ತಿದಾಗ ಮೊದಲು ಬಂದದ್ದು ಆರಿಸಿದ ದೀಪದ ಬತ್ತಿಯ ವಾಸನೆ. ಒಳಗೆ ಬೆಳ್ಳಗಿರಬೇಕಾದ ಹತ್ತಿ ಕಾಫಿಪುಡಿಯ ಬಣ್ಣಕ್ಕೆ ತಿರುಗಿ, ನಡುವೆ ಕರಿಯ ಗುಹೆಯಂತೆ ತಗ್ಗಾಗಿತ್ತು. ಇದೇನು ಎಂದು ಅವನು ಮುಖ ಬಗ್ಗಿಸಿದ. ಗುಹೆಯ ಅಂಚಿನಲ್ಲಿ ಕೆಂಪು ಗೆರೆಯೊಂದು ಇರುವೆಸಾಲಿನಂತೆ ಹರಿಯತೊಡಗಿತು. ಅದು ಏನೆಂದು ತಲೆಗೆ ಹೊಳೆಯುವ ಮೊದಲೇ ಭಗ್ಗೆಂದಿತು.

ಮೇಧಾ ಕಿರುಚಿದ್ದು ಅವನಿಗೆ ಎಲ್ಲೋ ದೂರದಲ್ಲಿ ಕೇಳಿತು. ಅವಳ ರಟ್ಟೆ ಹಿಡಿದು ಹಿಂದಕ್ಕೆಳೆದ. ಸೀತಾಲಕ್ಷ್ಮಿ ಓಡಿ ಬಂದವಳು ಬಚ್ಚಲಿಂದ ನೆನೆದ ಗೋಣಿಚೀಲ ತಂದು ಡಬ್ಬದ ಬಾಯಿಗೆ ಹಾಕಿ, ಮೇಲೆ ಒಂದು ಕೊಡ ನೀರು ಸುರಿದಳು. ಎಲ್ಲ ಸೇರಿ ಅರ್ಧ ನಿಮಿಷ. ರವಿಶಂಕರನ ಹುಬ್ಬು ಸುಟ್ಟು ಹೋಗಿತ್ತು.

"ಪ್ಲಗ್ಗು ಕಿತ್ತಿದ್ದೆನಲ್ಲ," ಎಂದ ಅವನು, ಯಾರಿಗೆ ಹೇಳುತ್ತಿದ್ದೇನೆ ಎಂದು ತಿಳಿಯದೆ.

ಗೋಣಿ ಸರಿಸಿ ನೋಡಿದ. ಆಗ ಅರ್ಥವಾಯಿತು. ತೂತಿನ ಡಬ್ಬಗಳಲ್ಲಿ ಸದ್ದು ಹಿಗ್ಗಿಸುವ ಆಂಪ್ಲಿಫೈಯರನ್ನು ಒಳಗೇ ಇಡುವುದು ಅವನ ಪದ್ಧತಿ. ಜಾಗ ಉಳಿಯುತ್ತದೆ, ನೋಡಲೂ ಚೆಂದ. ಅಲ್ಲೊಂದು ಬಿಳಿ ಸಿಮೆಂಟ್ ರೆಸಿಸ್ಟರ್ ಇರುತ್ತದೆ, ಹೆಚ್ಚಿನ ವೋಲ್ಟೇಜನ್ನು ನುಂಗುವುದಕ್ಕೆ. ಬೆರಳಿಟ್ಟರೆ ಬೊಬ್ಬೆ ಏಳುವಷ್ಟು ಕಾಯುತ್ತದೆ. ತೂತಿನ ಡಬ್ಬದಲ್ಲಿ ಸ್ಪೀಕರ್ ಅಲುಗಿದಷ್ಟೂ ಗಾಳಿ ಒಳಹೊರಗೆ ಆಡುವುದರಿಂದ ಆ ಕಾವು ಹೋಗಿಬಿಡುತ್ತದೆ. ಹದಿನೈದು ವರ್ಷ ಹಾಗೇ ಮಾಡಿದ ಕೈ ಇದರಲ್ಲೂ ಹಾಗೇ ಮಾಡಿತ್ತು. ತೂತು ಮುಚ್ಚಿದ್ದ, ಆ ರೆಸಿಸ್ಟರಿಗೆ ಮಗುವಿಗೆ ಹೊದಿಸಿದ ಹಾಗೆ ಬೂರುಗದ ಹತ್ತಿ ಹೊದಿಸಿದ್ದ. ಒಳಗೆ ಉಸಿರಾಡಲು ಗಾಳಿಯಿಲ್ಲದ್ದರಿಂದ ಬೆಂಕಿ ಬೆಂಕಿಯಾಗಿರಲಿಲ್ಲ, ಸುಮ್ಮನೆ ಕನಲುತ್ತಿತ್ತು. ಅವನು ಬಿಚ್ಚಿದ. ಅದು ಉಸಿರೆಳೆದುಕೊಂಡಿತು.

ಆಮೇಲೆ ಭದ್ರಾವತಿ ನೆನಪಾಯಿತು.

ಎರಡು ದಿನದ ಹಿಂದೆ ಷಡಕ್ಷರಪ್ಪನವರ ಹೆಂಡತಿ ದಾಕ್ಷಾಯಣಮ್ಮ ಫೋನು ಮಾಡಿದ್ದರು. ಆ ಹರ್ಷದ ಧ್ವನಿ ಈಗ ಒಂದೊಂದು ಅಕ್ಷರವೂ ಕಿವಿಯಲ್ಲಿ ಕೂತಿತ್ತು. 'ನಿಮ್ಮ ಡಬ್ಬಕ್ಕೆ ಪುಣ್ಯ ಬರ್ಲಿ ಕಣ್ರೀ. ತಂಬೂರಿ ಕ್ಯಾಸೆಟ್ ಸಣ್ಣಕೆ ಹಾಕಿಟ್ರೆ ಕೂಸು ಗಪ್‌ಚಿಪ್ ಮಲಗುತ್ತೆ. ಅದಕ್ಕೇ ಹಾಲಿಂದ ತೆಗ್ದು ಬಾಣಂತಿ ಮಂಚದ ಕೆಳಗೇ ಇಟ್ಟಿದ್ದೀವಿ. ಬೆಳಗ್ಗೆಯಿಂದ ಸಂಜೆ ತನಕ ಆರಿಸೋದೇ ಇಲ್ಲ.'

ತನ್ನ ಮನೆಯಲ್ಲಿ ದಿನಕ್ಕೆ ಎರಡು ಮೂರು ಗಂಟೆ ಹಾಡಿದ ಡಬ್ಬ ಹೀಗಾಗಿತ್ತು. ಭದ್ರಾವತಿಯದು ಬೆಳಗಿನಿಂದ ಸಂಜೆಯವರೆಗೆ. ಮಂಚದ ಕೆಳಗೆ. ಮಂಚದ ಮೇಲೆ ಇಪ್ಪತ್ತೆರಡು ದಿನದ ಕೂಸು.

ಅಂಗಡಿಯ ಫೋನೆತ್ತಿ ತಿರುಗಿಸಿದ. ಎಂಗೇಜ್. ಮತ್ತೆ ತಿರುಗಿಸಿದ. ಎಂಗೇಜ್. ಐದು ಸಲ, ಆರು ಸಲ.

"ಯಾರ ಹತ್ರ ಇಷ್ಟು ಹೊತ್ತು ಮಾತಾಡ್ತಿದ್ದಾರೆ ಇವ್ರು!"

"ಮಾತಾಡ್ತಿಲ್ಲ," ಎಂದಳು ಸೀತಾಲಕ್ಷ್ಮಿ. "ಮೇಧಾ ಹುಟ್ಟಿದಾಗ ನಾವೂ ರಿಸೀವರ್ ತೆಗ್ದು ಪಕ್ಕಕ್ಕಿಡ್ತಿರ್ಲಿಲ್ವಾ? ಕೂಸು ಏಳುತ್ತೆ ಅಂತ."

"ವಾಸನೆಯಾದ್ರೂ ಬರುತ್ತಲ್ವಾ ಅವರಿಗೆ? ಬಂದ್ರೆ ಆರಿಸ್ತಾರೆ."

"ಬಾಣಂತಿ ಮನೇಲಿ ಯಾವಾಗ್ಲೂ ಹೊಗೆ ವಾಸನೇನೇ. ಕೂಸಿಗೆ ನೀರು ಹಾಕಿ ಸಾಂಬ್ರಾಣಿ ಹಾಕ್ತಾರೆ, ಬೆಳ್ಳುಳ್ಳಿ ಸಿಪ್ಪೆ ಹಾಕ್ತಾರೆ, ಓಮ ಹಾಕ್ತಾರೆ. ಹತ್ತಿ ಸುಟ್ಟಿದ್ದು ಯಾರ ಮೂಗಿಗೆ ಗೊತ್ತಾಗುತ್ತೆ?" ಎಂದವಳು ತಾನೇ ಹೇಳಿದ್ದಕ್ಕೆ ಬೆಚ್ಚಿ ಸೆರಗನ್ನು ಬಾಯಿಗೊತ್ತಿಕೊಂಡಳು.

ರವಿಶಂಕರನಿಗೆ ಇನ್ನೊಂದು ಹೊಳೆಯಿತು. ಅದು ಹೊಳೆಯದಿದ್ದರೇ ಚೆನ್ನಾಗಿತ್ತು. ಷಡಕ್ಷರಪ್ಪ ಕೈ ಸುಮ್ಮನಿಡುವ ಜೀವವಲ್ಲ. ಮನೆಯ ಮಿಕ್ಸಿ, ಗಡಿಯಾರ, ಪಕ್ಕದ ಮನೆಯವರ ಹೊಲಿಗೆ ಮಿಶಿನ್ನು, ಏನು ಸದ್ದು ಬದಲಿಸಿದರೂ ಬಿಚ್ಚಿ ನೋಡದೆ ಅವರಿಗೆ ಊಟ ಸೇರುತ್ತಿರಲಿಲ್ಲ. ಈ ಡಬ್ಬವೂ ಮೂಗಿನಲ್ಲಿ ಹಾಡತೊಡಗಿದರೆ ಬಿಚ್ಚುತ್ತಾರೆ. ತಾನು ಬಿಚ್ಚಿದ ಹಾಗೇ. ಮುಖ ಬಗ್ಗಿಸುತ್ತಾರೆ. ಮೇಲೆ ಹಾಸಿಗೆ, ಹಳೆ ಸೀರೆಗಳ ಗುಡ್ಡೆ, ಕೌದಿ.

ಅವರಿಗೆ ಫಸ್ಟ್ ಶಿಫ್ಟ್. ಎರಡು ಗಂಟೆಗೆ ಬಿಡುತ್ತದೆ. ಗೋಡೆಯ ಗಡಿಯಾರ ಒಂದು ಗಂಟೆ ತೋರಿಸುತ್ತಿತ್ತು.

"ಫೈರ್ ಇಂಜಿನ್‌ಗೆ ಹೇಳೋಣ್ವಾ?" ಎಂದಳು ಸೀತಾಲಕ್ಷ್ಮಿ.

"ಏನು ಅಂತ ಹೇಳೋದು? ಬೆಂಕಿ ಬಿದ್ದಿದೆಯಾ ಅಂದ್ರೆ ಗೊತ್ತಿಲ್ಲ. ಮನೆ ನಂಬರು ಗೊತ್ತಿಲ್ಲ, ನೋಡಿದ್ರೆ ಗುರುತು ಸಿಗುತ್ತೆ ಅಷ್ಟೆ." ಹೇಳುತ್ತಲೇ ಅವನು ಚಪ್ಪಲಿ ಮೆಟ್ಟಿದ್ದ. "ನೀನು ತಿರುಗಿಸ್ತಾ ಇರು. ಯಾರು ಎತ್ತಿದ್ರೂ ಎರಡೇ ಮಾತು. ಆರಿಸಿ, ಬಿಚ್ಚಬೇಡಿ. ಕಾರಣ ಆಮೇಲೆ."

ಅವನ ಮೊಪೆಡ್ಡಿಗೆ ನಲವತ್ತರ ಮೇಲೆ ಹೋಗಿ ಅಭ್ಯಾಸವಿರಲಿಲ್ಲ. ಊರು ದಾಟುತ್ತಲೇ ಬಿಸಿಲು ಮುಖದ ಸುಟ್ಟ ಚರ್ಮಕ್ಕೆ ಮೆಣಸಿನಪುಡಿಯ ಹಾಗೆ ತಾಗತೊಡಗಿತು. ಆಕ್ಸಿಲರೇಟರನ್ನು ಕೊನೆಯವರೆಗೆ ತಿರುಚಿ ಹಿಡಿದು ಅವನು ಮನಸ್ಸಿನಲ್ಲೇ ಆ ಡಬ್ಬವನ್ನು ಮತ್ತೆ ಮತ್ತೆ ಬಿಚ್ಚಿದ. ಬಲಗಡೆ ಟ್ರಾನ್ಸ್‌ಫಾರ್ಮರ್. ಎಡಗಡೆ ಬೋರ್ಡು. ರೆಸಿಸ್ಟರ್ ಎಲ್ಲಿಟ್ಟೆ? ಮೇಲಿನ ಹಲಗೆಗೆ ಒತ್ತಿ ಇಟ್ಟೆ. ಆ ಹಲಗೆಯ ಮೇಲೆ ಏನಿದೆ? ಮಂಚದ ಹಲಗೆ. ಅದರ ಮೇಲೆ?

ಅದರಲ್ಲಿ ಹತ್ತಿ ಸ್ವಲ್ಪ ಕಡಿಮೆ ತುಂಬಿದ್ದೆನೇನೋ ಎಂದು ಒಂದು ಕ್ಷಣ ಆಸೆ. ಇಲ್ಲ. ಗಿರಾಕಿಯದು, ಚೆನ್ನಾಗಿರಲಿ ಎಂದು ಒಂದು ಹಿಡಿ ಜಾಸ್ತಿಯೇ ತುರುಕಿದ್ದ.

ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಲಾರಿ, ಸೈಕಲ್ಲು, ಎತ್ತಿನಗಾಡಿ ಎಲ್ಲ ನಿಂತಿದ್ದವು. ರೈಲಿನ ಸುಳಿವಿರಲಿಲ್ಲ. ಅವನು ಸಂದಿಯಲ್ಲಿ ನುಗ್ಗಿಸಿ ಗೇಟಿನ ಬುಡಕ್ಕೆ ಹೋಗಿ, ಮೊಪೆಡ್ಡನ್ನು ಅಡ್ಡ ಮಲಗಿಸಿ ಕಂಬಿಯ ಕೆಳಗೆ ತೂರಿಸಲು ನೋಡಿದ. ಪಕ್ಕದಲ್ಲಿ ಸೈಕಲ್ಲಿಗೆ ಬದನೆಕಾಯಿಯ ಮೂಟೆ ಕಟ್ಟಿಕೊಂಡು ನಿಂತಿದ್ದವನು ಹಿಂದಿನ ಚಕ್ರ ಹಿಡಿದು ನಿಲ್ಲಿಸಿದ.

"ಏನ್ ಸಾಮಿ, ಯಮನ ಮನೇಲಿ ಊಟಕ್ಕೆ ಕರ್ದವ್ರಾ? ಬತ್ತಾ ಐತೆ ನೋಡಿ ರೈಲು."

"ಬಿಡಪ್ಪಾ, ಅರ್ಜೆಂಟಿದೆ."

"ಹುಬ್ಬು ಎಲ್ಲಿ ಬಿಟ್ಟು ಬಂದ್ರಿ? ಮಕಕ್ಕೆಲ್ಲ ಮಸಿ."

ಅಷ್ಟರಲ್ಲಿ ಗೂಡ್ಸ್ ಗಾಡಿ ಬಂದೇಬಂತು. ಒಂದೊಂದೇ ಡಬ್ಬಿ, ನಿಧಾನಕ್ಕೆ, ಎಣಿಸಿಕೊಳ್ಳಿ ಎನ್ನುವಂತೆ. ನೆಲ ಅದುರಿತು. ಆ ಅದುರು ರವಿಶಂಕರನ ಕಾಲಿನಿಂದ ಹೊಟ್ಟೆಗೆ ಏರಿತು. ಇಂಥದ್ದೇ ಅದುರು ಬೇಕೆಂದು ಎರಡು ತಿಂಗಳು ಹಾಳೆಗಳ ಮುಂದೆ ಕೂತಿದ್ದ.

ಸೈಕಲ್ಲಿನವನು ಅವನ ಮುಖವನ್ನು ಮತ್ತೊಮ್ಮೆ ನೋಡಿದ. ಅಣಕ ಬಿಟ್ಟ. "ಯಾರಿಗೇನಾಯ್ತು ಸಾಮಿ?"

"ಒಂದು ಕೂಸು," ಎಂದ ರವಿಶಂಕರ.

ಗೇಟು ಏಳುತ್ತಿದ್ದ ಹಾಗೆ ಆ ಮನುಷ್ಯ ತನ್ನ ಸೈಕಲ್ಲನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಲಾರಿಯವನನ್ನು ತಡೆದು, "ಮೊದ್ಲು ಇವ್ರು ಹೋಗ್ಲಿ ತಡ್ಕಳ್ಲಾ!" ಎಂದು ಕೂಗಿದ.

ನ್ಯೂ ಟೌನಿನ ಸಾಲು ಮನೆಗಳ ನಡುವೆ ತಿರುಗಿದಾಗ ಎರಡೂ ಕಾಲು. ಮನೆಯ ಗುರುತಿಗೆ ಮುಂದೊಂದು ಕರಿಬೇವಿನ ಗಿಡವಿತ್ತು. ಗಿಡ ಕಂಡಿತು. ಅದರ ಹಿಂದೆ ಕೋಣೆಯ ಕಿಟಕಿಯಿಂದ ಹೊಗೆ ದಟ್ಟವಾಗಿ ಹೊರಬರುತ್ತಿತ್ತು.

ಮೊಪೆಡ್ಡು ಎಲ್ಲಿ ಬಿತ್ತೋ ಅವನು ನೋಡಲಿಲ್ಲ. ಮೆಟ್ಟಿದ ಚಪ್ಪಲಿಯಲ್ಲೇ ಜಗಲಿ ಹತ್ತಿ ಹಾಲು ದಾಟಿದ. ಕೋಣೆಯ ಬಾಗಿಲಿಗೆ ಅಡ್ಡವಾಗಿ ದಾಕ್ಷಾಯಣಮ್ಮ ಎರಡೂ ಕೈ ಚಾಚಿ ನಿಂತರು.

"ಅಯ್ಯೋ ತಂದೆ! ಏನಿದು, ಚಪ್ಪಲಿ! ಹಸಿ ಬಾಣಂತಿ ಇರೋ ಕೋಣೆ ಕಣ್ರೀ, ಹೊರಗಿನೋರು ಬರಂಗಿಲ್ಲ. ಕಾಲಾದ್ರೂ ತೊಳ್ಕೊಳ್ಳಿ!"

"ಹೊಗೆ! ಹೊಗೆ ಅಮ್ಮಾ!"

"ಹೊಗೆ ಇರ್ದೆ ಇನ್ನೇನಿರುತ್ತೆ? ಈಗಿನ್ನೂ ಎರೆದು ಸಾಂಬ್ರಾಣಿ ಹಾಕಿದ್ದೀವಿ."

ಅವರ ಕೈಯ ಮೇಲಿಂದ ಅವನು ಒಳಗೆ ನೋಡಿದ. ಕೆಂಡದ ಮಡಕೆ, ಅದರ ಮೇಲೆ ಮಗುಚಿದ ಬುಟ್ಟಿ, ಮಂಜಿನ ಹಾಗೆ ಹೊಗೆ. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡ ರಶ್ಮಿ ಆ ಬದಿಯ ಚಾಪೆಯಲ್ಲಿ ಕೂದಲಿಗೆ ಹೊಗೆ ಹಿಡಿಸಿಕೊಳ್ಳುತ್ತಿದ್ದಳು. ಮಂಚದ ಮೇಲೆ ಬಟ್ಟೆಯ ಪುಟ್ಟ ಗಂಟಿನಂತೆ ಕೂಸು. ಮಂಚದ ಪಕ್ಕದಲ್ಲಿ, ಕೆಳಗಿನಿಂದ ಅರ್ಧ ಈಚೆಗೆಳೆದ ಡಬ್ಬದ ಮುಂದೆ, ಇನ್ನೂ ಕಾರ್ಖಾನೆಯ ಖಾಕಿಯಲ್ಲೇ ಷಡಕ್ಷರಪ್ಪ. ಕೈಯಲ್ಲಿ ಸ್ಕ್ರೂಡ್ರೈವರು.

"ಬನ್ನಿ ಬನ್ನಿ, ನೂರು ವರ್ಷ ನಿಮಗೆ," ಎಂದರು ತಲೆಯೆತ್ತದೆ. "ಬೆಳಗ್ಗೆಯಿಂದ ಗುಂಯ್ ಅಂತಿದೆ ಅಂದ್ಲು ಇವ್ಳು. ಕರೆಂಟು ಕಿತ್ತಿದ್ದೀನಿ, ಹೆದರ್ಕೋಬೇಡಿ. ಏಳು ಬಂತು, ಇದೊಂದೇ ಬಾಕಿ."

ರವಿಶಂಕರ ದಾಕ್ಷಾಯಣಮ್ಮನನ್ನು ತಳ್ಳಿಯೇಬಿಟ್ಟ. ಹೋಗಿ ಡಬ್ಬದ ಮೇಲೆ ಎರಡೂ ಅಂಗೈ ಊರಿ ಸ್ಪೀಕರಿನ ಚೌಕಟ್ಟನ್ನು ಒತ್ತಿ ಹಿಡಿದ. ಮರ ಬಿಸಿಯಿತ್ತು. ಬಿಸಿಲಿನಲ್ಲಿಟ್ಟ ಪಾತ್ರೆಯಷ್ಟು ಬಿಸಿ.

"ಬಿಚ್ಚಬೇಡಿ!"

"ಏನ್ರೀ ಇದು, ನನ್ನ ಮನೇಲಿ ನಂಗೇ..."

"ಒಳಗೆ ಬೆಂಕಿ ಇದೆ. ಗಾಳಿ ಸಿಕ್ರೆ ಹತ್ಕೊಳುತ್ತೆ. ನಮ್ಮನೇದು ಈಗ ಹೀಗೇ ಆಯ್ತು, ನನ್ನ ಮುಖ ನೋಡಿ."

ಷಡಕ್ಷರಪ್ಪ ಅವನ ಮುಖ ನೋಡಿದರು. ಹುಬ್ಬಿಲ್ಲದ ಜಾಗ ನೋಡಿದರು. ಆಮೇಲೆ ತಮ್ಮ ಅಂಗೈಯನ್ನು ಮೂರು ಎಣಿಸುವಷ್ಟು ಹೊತ್ತು ಹಲಗೆಗೆ ಒತ್ತಿ ಹಿಡಿದರು. ಮೂವತ್ತು ವರ್ಷ ಕುಲುಮೆಗಳ ಪಕ್ಕ ದುಡಿದ ಕೈ. ಬಿಸಿಯ ಭಾಷೆ ಅದಕ್ಕೆ ಬರುತ್ತಿತ್ತು. ಸ್ಕ್ರೂಡ್ರೈವರನ್ನು ಸದ್ದಾಗದ ಹಾಗೆ ನೆಲಕ್ಕಿಟ್ಟರು.

"ರಶ್ಮೀ," ಎಂದರು, ಧ್ವನಿ ಏರಿಸದೆ. "ಕೂಸನ್ನ ಎತ್ಕೊಂಡು ಹೊರಗೆ ಹೋಗವ್ವ."

"ಹೊರಗಾ?" ದಾಕ್ಷಾಯಣಮ್ಮ ಹೌಹಾರಿದರು. "ತಿಂಗಳು ತುಂಬದ ಕೂಸು, ಎರೆದುಕೊಂಡ ಮೈ, ಗಾಳಿ ಬಡಿದ್ರೆ ಸನ್ನಿಯಾಗುತ್ತೆ! ನಿಮಗೇನು ತಲೆ..."

ರಶ್ಮಿ ಅಮ್ಮನ ಮಾತು ಮುಗಿಯಲು ಕಾಯಲಿಲ್ಲ. ಅಪ್ಪನ ಆ ತಣ್ಣನೆಯ ಧ್ವನಿ ಅವಳಿಗೆ ಗೊತ್ತಿತ್ತು. ಎದ್ದು, ಕೂಸನ್ನು ಬಟ್ಟೆಸಮೇತ ಎದೆಗೊತ್ತಿಕೊಂಡು, ಬರಿಗಾಲಿನಲ್ಲಿ ನೇರ ಬಿಸಿಲಿಗೆ ನಡೆದುಹೋದಳು. ದಾಕ್ಷಾಯಣಮ್ಮ ಕೊಡೆ ಹುಡುಕುತ್ತ, ಸಿಗದೆ, ಒಂದು ಟವೆಲು ಹಿಡಿದು ಹಿಂದೆ ಓಡಿದರು.

ಬಿಚ್ಚಿದ ಏಳು ಸ್ಕ್ರೂಗಳನ್ನು ಮತ್ತೆ ಹಾಕುವುದಕ್ಕೆ ಹೊತ್ತಿರಲಿಲ್ಲ. ರವಿಶಂಕರ ಚೌಕಟ್ಟನ್ನು ಎದೆಯಿಂದ ಒತ್ತಿಕೊಂಡು ಒಂದು ಬದಿ ಹಿಡಿದ, ಷಡಕ್ಷರಪ್ಪ ಇನ್ನೊಂದು ಬದಿ. ಹೆಣ ಹೊರುವವರ ಹಾಗೆ ಅಡ್ಡಡ್ಡ ಹೆಜ್ಜೆ ಹಾಕುತ್ತ ಹಾಲು ದಾಟಿದರು. ಹೊಸಿಲಿನಲ್ಲಿ ಷಡಕ್ಷರಪ್ಪನವರ ಕಾಲು ಎಡವಿ ಡಬ್ಬ ವಾಲಿತು. ಒಳಗೆ ಏನೋ ಕುಸಿದು, ಚೌಕಟ್ಟಿನ ಸಂದಿಯಿಂದ ಹೊಗೆಯ ಒಂದು ಎಳೆ ಹೊರಬಂದು ರವಿಶಂಕರನ ಗಲ್ಲವನ್ನು ಮುಟ್ಟಿತು. ಇದು ಸಾಂಬ್ರಾಣಿಯಲ್ಲ.

"ನಿಲ್ಲಬೇಡಿ, ನಡೀರಿ," ಎಂದರು ಷಡಕ್ಷರಪ್ಪ ಹಲ್ಲು ಕಚ್ಚಿ.

ಹಿತ್ತಿಲಲ್ಲಿ ಬಚ್ಚಲು ರಿಪೇರಿಗೆಂದು ತಂದು ಹಾಕಿದ ಮರಳಿನ ಗುಡ್ಡೆಯಿತ್ತು. ಸ್ಪೀಕರ್ ಕೆಳಮುಖವಾಗಿ ಮರಳಿನೊಳಗೆ ಹುಗಿಯುವ ಹಾಗೆ ಡಬ್ಬವನ್ನು ಮಗುಚಿ, ನಾಲ್ಕೂ ಕಡೆ ಮರಳು ಮೇಲೆಳೆದರು. ಷಡಕ್ಷರಪ್ಪ ಕೈ ಕೊಡವಿಕೊಂಡರು. "ಬಿಸಿ ಇರೋದನ್ನ ಯಾವತ್ತೂ ಅವಸರದಲ್ಲಿ ತೆಗೀಬಾರ್ದು. ಇದು ನನ್ನ ಅನ್ನದ ಪಾಠ. ಮನೇಲಿ ಮರೆತುಬಿಟ್ಟೆ ನೋಡಿ."

ಆಮೇಲೆ ಅವರು ಹಾಲಿಗೆ ಹೋಗಿ ಪಕ್ಕಕ್ಕಿಟ್ಟಿದ್ದ ರಿಸೀವರನ್ನು ಫೋನಿನ ಮೇಲಿಟ್ಟರು. ಇಟ್ಟ ಎರಡನೇ ನಿಮಿಷಕ್ಕೆ ಅದು ಬಡಿದುಕೊಂಡಿತು. ಎತ್ತಿ ಕಿವಿಗಿಟ್ಟು ಕೇಳಿದರು. "ಆರಿಸಿದ್ದೀನಮ್ಮ. ಬಿಚ್ಚಿಲ್ಲ. ಬಂದಿದ್ದಾರೆ ನಿಮ್ಮೆಜಮಾನ್ರು," ಎಂದು ಇಟ್ಟರು.

ಒಂದು ಗಂಟೆ ಇಬ್ಬರೂ ಮರಳಿನ ಮುಂದೆ ಕೂತರು. ರವಿಶಂಕರ ಎಲ್ಲವನ್ನೂ ಹೇಳಿದ: ರೆಸಿಸ್ಟರು, ಹತ್ತಿ, ಒಂದು ಹಿಡಿ ಜಾಸ್ತಿ. ಷಡಕ್ಷರಪ್ಪ ಕೇಳುತ್ತ ನಡುನಡುವೆ ಡಬ್ಬದ ಮೈಗೆ ಅಂಗೈ ಒತ್ತಿ ನೋಡುತ್ತಿದ್ದರು. ಕೊನೆಗೆ ಡಬ್ಬ ತಣ್ಣಗಾದ ಮೇಲೆ ಅವರು ನೀರಿನ ಬಕೆಟ್ಟು ಪಕ್ಕಕ್ಕಿಟ್ಟುಕೊಂಡು, ಡಬ್ಬವನ್ನು ಮಗ್ಗುಲಿಗೆ ಉರುಳಿಸಿ, ಉದ್ದನೆಯ ಸಲಾಕೆಯಿಂದ ದೂರದಲ್ಲೇ ನಿಂತು ಸ್ಪೀಕರನ್ನು ಮೀಟಿ ತೆಗೆದರು. ಉರಿಯಲಿಲ್ಲ. ಹತ್ತಿ ಇರಲೇ ಇಲ್ಲ; ಕರಿಯ ಪುಡಿ ಮಾತ್ರ ಮರಳಿಗೆ ಸುರಿಯಿತು. ಮೇಲಿನ ಹಲಗೆಯ ಒಳಮೈ ರೆಸಿಸ್ಟರಿದ್ದ ಕಡೆ ಬೋಗುಣಿಯ ಹಾಗೆ ಇದ್ದಿಲಾಗಿ ತಗ್ಗುಬಿದ್ದಿತ್ತು. ಷಡಕ್ಷರಪ್ಪ ಜೇಬಿನಿಂದ ಸ್ಟೀಲಿನ ಸ್ಕೇಲು ತೆಗೆದು, ಉಗುರಿನಿಂದ ಇದ್ದಿಲು ಕೆರೆದು, ತಗ್ಗಿನಲ್ಲಿ ಸ್ಕೇಲು ನಿಲ್ಲಿಸಿ ನೋಡಿದರು.

"ಹಲಗೆ ಎಷ್ಟಿತ್ತು?"

"ಹದಿನೆಂಟು ಎಂಎಂ."

"ನಾಲ್ಕು ಉಳಿದಿದೆ."

ಆಮೇಲೆ ಮನೆಯ ಕಡೆ ತಿರುಗಿ ನೋಡಿ ದನಿ ತಗ್ಗಿಸಿದರು. "ಹೆಂಗಸರಿಗೆ ಹೇಳೋದು ಬೇಡ. ವೈರು ಸುಟ್ಟಿತ್ತು ಅಂದ್ಬಿಡಿ. ಬಾಣಂತಿ, ಎದೆಹಾಲು ಬತ್ತಿಬಿಟ್ಟೀತು."

ರಶ್ಮಿ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ಕೂಸು ಎಚ್ಚರವಾಗಿ ಸಣ್ಣಗೆ ರಾಗ ಎಳೆಯುತ್ತಿತ್ತು. ದಾಕ್ಷಾಯಣಮ್ಮ ಗಾಳಿಗೆ ಅಡ್ಡವಾಗಿ ಟವೆಲು ಹಿಡಿದು ನಿಂತೇ ಇದ್ದರು. ರವಿಶಂಕರ ಕೈಕಾಲು ತೊಳೆದು ಬಂದಾಗ ಅವಳು ಕೇಳಿದಳು:

"ಅಂಕಲ್, ಅದು ರಿಪೇರಿ ಆಗುತ್ತಾ? ಅದಿಲ್ದೆ ಇವ್ನು ಮಲಗಲ್ಲ."

ಅವನು ಷಡಕ್ಷರಪ್ಪನವರ ಕಡೆ ನೋಡಿದ. ಅವರು ಕಣ್ಣಿನಲ್ಲೇ ಬೇಡವೆಂದರು. ವೈರು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿಬಿಟ್ಟರೆ ಚಹಾ ಕುಡಿದು ಹೊರಡಬಹುದು. ಆದರೆ ಅವಳು ನಾಳೆ ಬೇರೆ ಯಾರ ಹತ್ತಿರವಾದರೂ ಇಂಥದ್ದೇ ಇನ್ನೊಂದನ್ನು ಮಾಡಿಸಿ ಅದೇ ಮಂಚದ ಕೆಳಗಿಡುವುದು ಅವನ ಕಣ್ಣಿಗೆ ಕಟ್ಟಿತು.

"ಆಗಲ್ಲಮ್ಮ. ಅದು ಒಳಗೇ ಉರೀತಿತ್ತು. ನಾನು ಮಾಡಿದ್ದೇ ತಪ್ಪು. ಇನ್ನೊಂದು ದಿನ ಬಿಟ್ಟಿದ್ರೆ ಹಲಗೆ ತೂತಾಗಿ ಹಾಸಿಗೆಗೆ ಬರ್ತಿತ್ತು."

ದಾಕ್ಷಾಯಣಮ್ಮನ ಕೈಯ ಟವೆಲು ಕೆಳಗಿಳಿಯಿತು. "ಶಿವ ಶಿವಾ," ಎಂದವರು ಅಲ್ಲೇ ಕುಸಿದು ಕೂತರು. ರಶ್ಮಿ ಅಳಲಿಲ್ಲ. ಬಹಳ ಹೊತ್ತು ಅವನನ್ನೇ ನೋಡಿದಳು. ಅವಳಿಗೆ ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಬೇಕು. ಆ ನೋಟದಲ್ಲಿ ಅವನು ಚಿಕ್ಕವನಾದ.

"ಅಲ್ಲಿ ಇನ್ನೇನೂ ಉಳಿದಿಲ್ವಾ?"

"ಇಲ್ಲಮ್ಮ. ಎಲ್ಲ ಹೊರಗೆ ತಂದಿದ್ದೀವಿ."

"ನಿಮಗೆ ಗ್ಯಾರಂಟಿನಾ? ಡಬ್ಬ ಕೊಟ್ಟ ದಿನಾನೂ ಗ್ಯಾರಂಟಿ ಅಂದಿದ್ರಿ."

ಅವನು ಕೋಣೆಯ ಬಾಗಿಲ ಕಡೆ ತಿರುಗಿ ನೋಡಿದ.

"ಹಾಗಾದ್ರೆ ನೀವು ಒಳಗೆ ಹೋಗಿ ಕೂತ್ಕೊಳ್ಳಿ," ಎಂದಳು ರಶ್ಮಿ. "ಆ ಮಂಚದ ಹತ್ರಾನೇ. ಒಂದು ಗಂಟೆ. ಏನೂ ಆಗ್ಲಿಲ್ಲ ಅಂದ್ರೆ ಇವನನ್ನ ಕರ್ಕೊಂಡು ಬರ್ತೀನಿ."

"ಏ ರಶ್ಮಿ, ಬಾಣಂತಿ ಕೋಣೇಲಿ ಪರಗಂಡಸರನ್ನ..." ದಾಕ್ಷಾಯಣಮ್ಮ ಶುರು ಮಾಡಿ, ಮಗಳ ಮುಖ ನೋಡಿ, ಅಲ್ಲಿಗೇ ಬಿಟ್ಟರು.

ರವಿಶಂಕರ ಒಳಗೆ ಹೋದ. ಮಂಚದ ಪಕ್ಕದ ಬರಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಹಾಸಿಗೆಯಲ್ಲಿ ಕೂಸು ಮಲಗಿದ್ದ ತಗ್ಗು ಹಾಗೇ ಇತ್ತು, ಒಂದು ಮೊಳದಷ್ಟು ಉದ್ದ. ಮೊದಲು ಎದುರು ಗೋಡೆ ನೋಡಿದ. ಆಮೇಲೆ ಬಗ್ಗಿ ಮಂಚದ ಹಲಗೆಯ ಕೆಳಮೈಗೆ ಕೈ ಸವರಿದ. ತಣ್ಣಗಿತ್ತು. ಕೈ ತೆಗೆದ. ಅರ್ಧ ನಿಮಿಷಕ್ಕೆ ಮತ್ತೆ ಸವರಿದ. ಸ್ವಿಚ್ಚಿನ ಹಲಗೆಗೆ ಹಿಂಗೈ ಒತ್ತಿ ನೋಡಿದ. ಮೂಲೆಯ ಹಳೆ ಸೀರೆಗಳನ್ನು ಒಂದೊಂದಾಗಿ ಎತ್ತಿ ಮೂಸಿ ಮಡಿಸಿಟ್ಟ. ಎಲ್ಲಿಯೂ ಏನೂ ಇರಲಿಲ್ಲ. ಹೊರಗೆ ಕೂಸು ಅಳುವುದೂ, ಮೂರು ಜನರೂ ಸರದಿಯಲ್ಲಿ ಅದನ್ನು ತಟ್ಟುವುದೂ ಕೇಳುತ್ತಿತ್ತು.

ಗಂಟೆ ಕಳೆದ ಮೇಲೆ ರಶ್ಮಿ ಬಾಗಿಲಿಗೆ ಬಂದಳು. ಕೂಸು ಭುಜದ ಮೇಲೆ ನಿದ್ದೆಹೋಗಿತ್ತು. ಹೊಸಿಲು ದಾಟಲಿಲ್ಲ. ಕೋಣೆಯನ್ನು ಮೂಲೆ ಮೂಲೆಯಾಗಿ ನೋಡಿದಳು, ಗಾಳಿಯನ್ನು ಮೂಸಿದಳು, ಅವನನ್ನು ನೋಡಿದಳು.

ರವಿಶಂಕರ ಏಳಲು ನೆಲಕ್ಕೆ ಕೈಯೂರಿದ.

"ಇನ್ನೂ ಸ್ವಲ್ಪ ಹೊತ್ತು ಕೂತಿರಿ," ಎಂದಳು ಅವಳು.

ಅವನು ಕೂತ.